ಬೆಕ್ಕಿಗೆ ಹಸಿ ಮಾಂಸ, ಆಮೇಲೆ ಎರಡನೇ ಬೆಕ್ಕು: ಹುಬ್ಬಳ್ಳಿ-ಧಾರವಾಡದಲ್ಲಿ ಸಿಗುವ ಸಾಮಾನು ಎಷ್ಟು ಉಪಯೋಗಕ್ಕೆ ಬರುತ್ತದೆ

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಡ್ರೈ ಫುಡ್ ತಿಂದು ಬೆಳೆದ ಬೆಕ್ಕನ್ನು ಹಸಿ ಮಾಂಸಕ್ಕೆ ತರಲು ಬೇಕಾದ ಮುಖ್ಯ ಸಾಮಾನು ನಿಮ್ಮ ಓಣಿಯ ಕೋಳಿ ಅಂಗಡಿಯಲ್ಲೇ ಇದೆ. ಆದರೆ ಅಂಗಡಿಯಿಂದ ತಂದ ಬೋನ್‌ಲೆಸ್ ಕತ್ತರಿಸಿ ದಿನಾ ತಟ್ಟೆಗೆ ಹಾಕುವುದು ಹಸಿ ಆಹಾರ ಪದ್ಧತಿಯಲ್ಲ, ನಿಧಾನಕ್ಕೆ ಬೆಕ್ಕಿನ ಎಲುಬು ಕರಗಿಸುವ ದಾರಿ. ಇನ್ನೊಂದು ಮಾತು: ಜೊತೆಗೆ ಎರಡನೇ ಬೆಕ್ಕು ತರುವ ಆಸೆಯಿದ್ದರೆ, ಆಹಾರದ ಬದಲಾವಣೆ ಮುಗಿದು ಪೂರ್ತಿ ಒಂದು ತಿಂಗಳು ಹೋಗಲಿ. ಎರಡೂ ಒಟ್ಟಿಗೆ ನಡೆದಾಗ ಬೆಕ್ಕು ಊಟ ಬಿಟ್ಟರೆ ಅಥವಾ ಭೇದಿ ಮಾಡಿಕೊಂಡರೆ, ಕಾರಣ ಮಾಂಸವೋ, ಹೊಸಬರ ಭಯವೋ, ಹೊಸ ಬೆಕ್ಕು ತಂದ ರೋಗವೋ ಎಂದು ಹಿಡಿಯುವುದು ವೈದ್ಯರಿಗೂ ಕಷ್ಟ.

ಮನೆಯಲ್ಲಿ ಬಸುರಿಯರು, ಕೈಗೂಸು, ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರು ಇದ್ದರೆ ಇದನ್ನು ಶುರು ಮಾಡಬೇಡಿ. ಕಿಡ್ನಿ ತೊಂದರೆ ಇರುವ ಬೆಕ್ಕಿಗೂ ವೈದ್ಯರನ್ನು ಕೇಳದೆ ಬೇಡ. ಮಾಂಸ ಒಳಗೆ ಬಾರದ ಮನೆಗಳು ನಮ್ಮ ಕಡೆ ಬಹಳ. ಅಂಥ ಮನೆಗೆ ಲೇಬಲ್ ಮೇಲೆ ಸಂಪೂರ್ಣ ಆಹಾರ ಎಂದು ಬರೆದ ವೆಟ್ ಫುಡ್ ಪೌಚ್ ಎಷ್ಟೋ ಮೇಲು. ಬೆಕ್ಕಿಗೆ ಹಾಲು-ಅನ್ನ ಸಾಕು ಎಂಬ ಮಾತು ಮಾತ್ರ ಸರಿಯಲ್ಲ. ಮಾಂಸವಿಲ್ಲದೆ ಬದುಕುವಂತೆ ಅದರ ದೇಹ ರೂಪುಗೊಂಡಿಲ್ಲ.

ಕೋಳಿ ಅಂಗಡಿ: 5ಕ್ಕೆ 4

ಕಣ್ಣೆದುರೇ ಕಡಿದು ಕೊಡುವ ಅಂಗಡಿಯ ದೊಡ್ಡ ಗುಣವೆಂದರೆ ಮಾಂಸಕ್ಕೆ ಎಷ್ಟು ಹೊತ್ತಾಯಿತು ಎಂಬುದು ನಿಮಗೆ ಗೊತ್ತಿರುತ್ತದೆ. ವಾರದ ನಡುವೆ, ಬೆಳಗ್ಗೆ ಅಂಗಡಿ ತೆಗೆದ ಹೊತ್ತಿಗೇ ಹೋಗಿ. ಆಗ ಕೊರಡು, ಚಾಕು ತೊಳೆದಿರುತ್ತವೆ. ರವಿವಾರ ಮಧ್ಯಾಹ್ನದ ಗದ್ದಲದಲ್ಲಿ ತಂದ ಮಾಂಸ ಕುದಿಸಿ ಉಣ್ಣುವವರಿಗೆ ಸರಿ, ಹಸಿ ತಿನ್ನುವ ಪ್ರಾಣಿಗೆ ಸರಿಯಲ್ಲ.

ಒಂದು ಅಂಕ ಕಳೆದದ್ದು ಚರ್ಮದ ಕಾರಣಕ್ಕೆ. ನಮ್ಮ ಅಂಗಡಿಗಳಲ್ಲಿ ಗರಿ ಕೀಳುವ ಬದಲು ಚರ್ಮದ ಸಮೇತ ಸುಲಿದುಬಿಡುವುದೇ ರೂಢಿ. ವಿದೇಶದ ಲೆಕ್ಕಗಳನ್ನು ನೋಡಿ ಊಟ ತಯಾರಿಸುವವರು ಎಡವುವುದು ಇಲ್ಲೇ. ಚರ್ಮವಿರುವ ಕೋಳಿ ಕುತ್ತಿಗೆಯಲ್ಲಿ ಎಲುಬಿನ ಪಾಲು ಸುಮಾರು 36 ಶೇಕಡಾ. ಚರ್ಮ ಸುಲಿದ ಅದೇ ಕುತ್ತಿಗೆಯಲ್ಲಿ 75 ಶೇಕಡಾ. ರೆಕ್ಕೆಯಲ್ಲಿ ಚರ್ಮ ಸಮೇತ 46, ಇಡೀ ಕಾಲಿನಲ್ಲಿ 27. ಬೆಕ್ಕಿನ ಊಟದಲ್ಲಿ ಎಲುಬು 10 ಶೇಕಡಾ ದಾಟಬಾರದು. ಪುಸ್ತಕದ ಲೆಕ್ಕದಂತೆ ಸುಲಿದ ಕುತ್ತಿಗೆ ಹಾಕುತ್ತ ಹೋದರೆ ಬೆಕ್ಕಿಗೆ ಮಲಬದ್ಧತೆ ಖಂಡಿತ. ಚರ್ಮ ಹೋದರೆ ಕೊಬ್ಬೂ ಹೋಗುತ್ತದೆ, ಕೊಬ್ಬು ಬೆಕ್ಕಿಗೆ ಶಕ್ತಿ ಕೊಡುವ ಮುಖ್ಯ ಮೂಲಗಳಲ್ಲೊಂದು. ಹಾಗಾಗಿ, ‘ಅಣ್ಣಾರ, ಚರ್ಮಾ ತಗೀಬ್ಯಾಡ್ರಿ, ತೊಡಿ ಮಾಂಸ ಎಲುಬು ಬಿಡಿಸಿ ಕೊಡ್ರಿ, ಕಲೇಜಿ ಬ್ಯಾರೆ ಕಟ್ರಿ’ ಎಂದು ಹಿಂದಿನ ದಿನವೇ ಹೇಳಿಟ್ಟರೆ ಗರಿ ಕೀಳುವ ಮಶಿನ್ ಇರುವ ಅಂಗಡಿಯವರು ಮಾಡಿಕೊಡುತ್ತಾರೆ. ಅದು ಆಗದಿದ್ದರೆ ತತ್ತಿಯ ಹಳದಿಯಿಂದ ಕೊಬ್ಬು ತುಂಬಿಸಬಹುದು.

ಎಲುಬಿಗೆ ಬ್ರಾಯ್ಲರ್ ಕೋಳಿಯೇ ಸರಿ. ಐದಾರು ವಾರದ ಹಕ್ಕಿಯಾದ್ದರಿಂದ ಎಲುಬು ಮೆತ್ತಗಿರುತ್ತದೆ. ಜವಾರಿ ಕೋಳಿಯ ಮಾಂಸ ಚೆನ್ನ, ಎಲುಬು ಮಾತ್ರ ಬೆಕ್ಕಿನ ಹಲ್ಲಿಗೆ ಬಲು ಗಟ್ಟಿ. ಮಟನ್ ಎಲುಬಂತೂ ಕೊಡಲೇಬೇಡಿ, ಹಲ್ಲು ಮುರಿಯುತ್ತದೆ. ಬೇಯಿಸಿದ ಎಲುಬು ಯಾವ ಪ್ರಾಣಿಯದಾದರೂ ಬೇಡ, ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಅಂಗಡಿಯವರು ತಿರುವಿ ಕೊಡುವ ಖೀಮಾ ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಖೀಮಾ ಆದಾಗ ಮಾಂಸದ ಹೊರಮೈ ಬಹುಪಟ್ಟು ಹೆಚ್ಚುತ್ತದೆ, ಮಶಿನ್‌ನೊಳಗೆ ಉಳಿದ ಹಳೆಯ ಚೂರುಗಳ ಬ್ಯಾಕ್ಟೀರಿಯಾ ಪೂರ್ತಿ ಮಾಂಸಕ್ಕೆ ಹರಡುತ್ತದೆ. ಮಸಾಲೆ ಹಚ್ಚಿಟ್ಟ ಮಾಂಸದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇರುತ್ತವೆ. ಇವೆರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಹಂದಿ ಮಾಂಸ ಹಸಿಯಾಗಿ ಬೇಡವೇ ಬೇಡ. ಅದರಲ್ಲಿ ಇರಬಹುದಾದ ಔಜೆಸ್ಕಿ ವೈರಾಣು ಬೆಕ್ಕಿಗೆ ಮಾರಕ. ಹುಬ್ಬಳ್ಳಿಯ ಗಣೇಶಪೇಟೆ ಮಾರುಕಟ್ಟೆಯಲ್ಲಿ ಕರಾವಳಿಯ ಮೀನು ಸಿಗುತ್ತದೆ, ಬೆಕ್ಕಿಗೆ ಪ್ರೀತಿಯೂ ಹೌದು. ಆದರೆ ಹಲವು ಜಾತಿಯ ಹಸಿ ಮೀನಿನಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದ್ದು ಬಿ1 ಜೀವಸತ್ವವನ್ನು ನಾಶ ಮಾಡುತ್ತದೆ. ಬಿ1 ಇಳಿದ ಬೆಕ್ಕು ಗೋಣು ಕೆಳಗೆ ಜೋತುಬಿಟ್ಟು ತೂರಾಡುತ್ತದೆ, ಮುಂದೆ ಫಿಟ್ಸ್ ಬರುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಮೀನನ್ನು ಬೇಯಿಸಿ, ಮುಳ್ಳು ತೆಗೆದು, ವಾರಕ್ಕೊಮ್ಮೆ ಒಂದೆರಡು ಚಮಚ ಕೊಟ್ಟರೆ ಸಾಕು.

ಸುಣ್ಣದಂಶ ಮತ್ತು ಟಾರಿನ್: ಇವಿಲ್ಲದೆ ಮುಂದೆ ಹೋಗಬೇಡಿ

ಹಸಿ ಆಹಾರ ಕೊಟ್ಟು ಬೆಕ್ಕು ಕೆಟ್ಟಿತು ಎನ್ನುವಲ್ಲೆಲ್ಲ ತಪ್ಪು ಹೆಚ್ಚಾಗಿ ಇಲ್ಲಿರುತ್ತದೆ. ಬರೀ ಮಾಂಸದಲ್ಲಿ ರಂಜಕ (ಫಾಸ್ಫರಸ್) ಬಹಳ, ಸುಣ್ಣದಂಶ ಅಂದರೆ ಕ್ಯಾಲ್ಸಿಯಂ ಅತ್ಯಲ್ಪ. ದೇಹ ಈ ಕೊರತೆ ತುಂಬಿಸಲು ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಎಳೆಯುತ್ತದೆ. ಬೆಳೆಯುವ ಮರಿಗಳಲ್ಲಿ ಕೆಲವೇ ವಾರಗಳಲ್ಲಿ ಕುಂಟು ಕಾಣುತ್ತದೆ, ಮಂಚದಿಂದ ಜಿಗಿದಾಗ ಕಾಲು ಮುರಿಯುತ್ತದೆ. ಎಲುಬು ಹಾಕಲು ಹೆದರುವವರಿಗೆ ತತ್ತಿ ಸಿಪ್ಪೆ ಅತ್ಯುತ್ತಮ ಬದಲಿ. ಅದಕ್ಕೆ 5ಕ್ಕೆ 5, ಖರ್ಚೂ ಇಲ್ಲ. ಸಿಪ್ಪೆ ತೊಳೆದು ಹತ್ತು ನಿಮಿಷ ಕುದಿಸಿ, ಬಿಸಿಲಿಗೆ ಗರಿಗರಿ ಒಣಗಿಸಿ, ಮಿಕ್ಸಿಯ ಸಣ್ಣ ಜಾರಿನಲ್ಲಿ ಹಿಟ್ಟು ಮಾಡಿ, ತೆಳು ಬಟ್ಟೆಯಲ್ಲಿ ಸೋಸಿ. ಬೆರಳಲ್ಲಿ ಉಜ್ಜಿದಾಗ ಉಸುಕು ತಾಗಬಾರದು. ಒಂದು ಕಿಲೊ ಬೋನ್‌ಲೆಸ್ ಮಾಂಸಕ್ಕೆ 6 ಗ್ರಾಂ, ಅಂದರೆ ಮಟ್ಟವಾಗಿ ಒಂದು ಟೀ ಚಮಚ. ಎಲುಬು ಕೊಡುವ ವಾರ ಇದನ್ನು ಬಿಡಬೇಕು, ಎರಡೂ ಕೂಡಿದರೆ ಮಲ ಕಲ್ಲಾಗುತ್ತದೆ.

ಟಾರಿನ್ ಎಂಬ ಅಮೈನೊ ಆಮ್ಲದ ವಿಷಯಕ್ಕೆ ಬಂದರೆ, ಬೆಕ್ಕು ಇದನ್ನು ತನ್ನ ದೇಹದಲ್ಲಿ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಕೊರತೆಯಾದರೆ ಹೃದಯ ಹಿಗ್ಗಿ ದುರ್ಬಲವಾಗುತ್ತದೆ, ಕಣ್ಣಿನ ರೆಟಿನಾ ಸವೆಯುತ್ತದೆ. ಹೃದಯದ ಈ ಸಂಬಂಧವನ್ನು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿಕೊಟ್ಟರು. ಗುಂಡಿಗೆ ಮಾಂಸದಲ್ಲಿ ಟಾರಿನ್ ಚೆನ್ನಾಗಿದೆ, ಎದೆ ಮಾಂಸದಲ್ಲಿ ಕಡಿಮೆ. ಆದ್ದರಿಂದಲೇ ಬ್ರೆಸ್ಟ್ ಬೋನ್‌ಲೆಸ್‌ಗಿಂತ ತೊಡೆ ಮಾಂಸ ಮೇಲು. ಟಾರಿನ್ ಪುಡಿ ಜಿಮ್‌ನವರು ಹೋಗುವ ಪ್ರೋಟೀನ್ ಅಂಗಡಿಯಲ್ಲಿ ಸಿಗುತ್ತದೆ. ಬಣ್ಣ, ರುಚಿ, ಸಿಹಿ ಯಾವುದೂ ಸೇರಿಸದ ಬಿಳಿ ಪುಡಿ ಇರಲಿ. ಕೆಫೀನ್ ಬೆರೆತ ಮಿಶ್ರಣ ಬೆಕ್ಕಿಗೆ ವಿಷ. ಕಿಲೊಗೆ 2 ಗ್ರಾಂ ಹಾಕಿ. ನೀರಲ್ಲಿ ಕರಗುವ ವಸ್ತುವಾದ್ದರಿಂದ ಮಾಂಸ ಬೇಯಿಸಿದ ನೀರು ಚೆಲ್ಲಿದರೆ ಅದೂ ಹೋಗುತ್ತದೆ.

ಒಂದು ಕಿಲೊ ಮಾಂಸದ ಅಳತೆ ಹೀಗೆ: ಚರ್ಮ ಸಮೇತ ತೊಡೆ ಮಾಂಸ 800 ಗ್ರಾಂ, ಗುಂಡಿಗೆ 150, ಕಲೇಜಿ 50, ಇದರೊಳಗೆ ಎರಡು ತತ್ತಿಯ ಹಳದಿ, ನೀರು 120 ಮಿ.ಲೀ., ತತ್ತಿ ಸಿಪ್ಪೆ ಪುಡಿ 6 ಗ್ರಾಂ, ಟಾರಿನ್ 2 ಗ್ರಾಂ, ಮೀನೆಣ್ಣೆ 2 ಗ್ರಾಂ, ಮೆಡಿಕಲ್ ಅಂಗಡಿಯ 400 ಮಿ.ಗ್ರಾಂ ವಿಟಮಿನ್ ಇ ಕ್ಯಾಪ್ಸೂಲ್ ಒಂದು, ಬಿ-ಕಾಂಪ್ಲೆಕ್ಸ್ ಮಾತ್ರೆ ಒಂದು ಪುಡಿ ಮಾಡಿ. ಪುಡಿಗಳನ್ನು ಮೊದಲು ನೀರಲ್ಲಿ ಕದಡಿ ಆಮೇಲೆ ಮಾಂಸಕ್ಕೆ ಕಲಸಬೇಕು, ಇಲ್ಲದಿದ್ದರೆ ಒಂದೇ ಕಡೆ ಗಂಟಾಗುತ್ತವೆ. ಕಲೇಜಿಯನ್ನು ಬೆಕ್ಕು ಇಷ್ಟಪಡುತ್ತದೆಂದು 50ರ ಬದಲು 200 ಗ್ರಾಂ ಮಾಡಬೇಡಿ. ಅದರಲ್ಲಿನ ವಿಟಮಿನ್ ಎ ದೇಹದಲ್ಲಿ ಸೇರುತ್ತ ಹೋಗಿ ಗೋಣಿನ ಎಲುಬುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೆಕ್ಕಿಗೆ ತನ್ನ ಮೈ ನೆಕ್ಕಿಕೊಳ್ಳಲೂ ಆಗುವುದಿಲ್ಲ. ಇದೇ ಕಾರಣಕ್ಕೆ ಕಾಡ್ ಲಿವರ್ ಎಣ್ಣೆಯೂ ಬೇಡ, ಸಾದಾ ಮೀನೆಣ್ಣೆ ಇರಲಿ. ಇದು ಅನುಭವಿಗಳಲ್ಲಿ ಬಳಕೆಯಲ್ಲಿರುವ ಅಳತೆ. ಶುರು ಮಾಡುವ ಮುನ್ನ ನಿಮ್ಮ ವೈದ್ಯರಿಗೆ ಈ ಚೀಟಿ ತೋರಿಸಿ. ಗದಗ, ಹಾವೇರಿ ಕಡೆಯವರಿಗೆ ಗದಗಿನ ಪಶುವೈದ್ಯಕೀಯ ಕಾಲೇಜು ಹತ್ತಿರವಿದೆ.

ನಾಲ್ಕು ಕಿಲೊದ ದೊಡ್ಡ ಬೆಕ್ಕಿಗೆ ದಿನಕ್ಕೆ ತೂಕದ ಶೇಕಡಾ 3, ಅಂದರೆ 120 ಗ್ರಾಂ ಹತ್ತಿರ. ವಾರಕ್ಕೆ 840 ಗ್ರಾಂ. ಸಿಪ್ಪೆ ಪುಡಿ ಬಿಟ್ಟು ಎಲುಬೇ ಕೊಡುತ್ತೇನೆ ಎನ್ನುವವರಿಗೆ ಈ 840ರಲ್ಲಿ ಚರ್ಮ ಸಮೇತ ಕೋಳಿ ರೆಕ್ಕೆ 180 ಗ್ರಾಂ ದಾಟಬಾರದು.

ಸಾಮಾನುಗಳು

ಮೇಜಿಗೆ ಬಿಗಿಯುವ, ಕೈಯಿಂದ ತಿರುವುವ ಖೀಮಾ ಮಶಿನ್ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ. 5ಕ್ಕೆ 3. ಬೋನ್‌ಲೆಸ್‌ಗೆ ಒಳ್ಳೆಯದು, ಎಲುಬು ಹಾಕಿದರೆ ಹಿಡಿ ಸಿಕ್ಕಿಕೊಳ್ಳುತ್ತದೆ ಇಲ್ಲವೆ ಮೇಜಿನ ಅಂಚೇ ಕಿತ್ತುಬರುತ್ತದೆ. ಮಾಂಸ ಕತ್ತರಿಸದೆ ಲೋಳೆಯಾಗಿ ಹೊರಬರುತ್ತಿದ್ದರೆ ಬ್ಲೇಡು ತಿರುಗುಮುರುಗಾಗಿ ಕೂತಿದೆ: ಚಪ್ಪಟೆ ಮುಖ ಹೊರಗಿನ ತೂತಿನ ತಟ್ಟೆಗೆ ತಾಗಬೇಕು. ನಾರು ಸುತ್ತಿಕೊಂಡರೆ ಮಾಂಸ ಬೆಚ್ಚಗಿದೆ ಎಂದರ್ಥ. ತುಂಡುಗಳನ್ನು ಫ್ರೀಜರ್‌ನಲ್ಲಿ ಅರ್ಧ ತಾಸು ಇಟ್ಟು, ಅಂಚು ಬಿರುಸಾದ ಮೇಲೆ ಹಾಕಿ. ತವರ ಲೇಪಿಸಿದ ಕಬ್ಬಿಣದ ಮಶಿನ್ ತೊಳೆದು ಹಾಗೇ ಬಿಟ್ಟರೆ ಒಂದೇ ರಾತ್ರಿಯಲ್ಲಿ ತುಕ್ಕು. ಒರೆಸಿ, ಒಲೆಯ ಪಕ್ಕ ಒಣಗಿಸಿ, ಅಡುಗೆ ಎಣ್ಣೆ ಸವರಿಡಿ. ಸ್ಟೀಲಿನದು ತುಸು ದುಬಾರಿಯಾದರೂ ಅದೇ ಕೊಳ್ಳಿ. ನಿಜ ಹೇಳಬೇಕೆಂದರೆ ಒಂದೇ ಬೆಕ್ಕಿರುವ ಮನೆಗೆ ಮಶಿನ್ ಬೇಕೇ ಇಲ್ಲ, ಹರಿತ ಕತ್ತರಿ ಸಾಕು. ಅಗಿಯುವಷ್ಟು ದೊಡ್ಡ ತುಂಡು ಹಲ್ಲಿಗೂ ಒಳ್ಳೆಯದು.

ತೂಕಕ್ಕೆ ಎರಡು ತಕ್ಕಡಿ ಬೇಕು. ಅಡುಗೆಮನೆಯ ಒಂದು ಗ್ರಾಂ ಲೆಕ್ಕದ ಡಿಜಿಟಲ್ ತಕ್ಕಡಿ ಮಾಂಸಕ್ಕೆ ಸರಿ, ಆದರೆ ಅದರ ಮೇಲೆ 2 ಗ್ರಾಂ ಟಾರಿನ್ ತೂಗಿದರೆ ಒಂದೂವರೆಯೋ ಎರಡೂವರೆಯೋ ತಿಳಿಯದು. ಅಂಗೈಯಗಲದ, 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ತನ್ನಿ.

ಕೊರಿಯರ್‌ನಲ್ಲಿ ಥರ್ಮಕೋಲ್ ಡಬ್ಬಿಯೊಳಗೆ ಬರುವ ಫ್ರೋಜನ್ ಹಸಿ ಆಹಾರಕ್ಕೆ 5ಕ್ಕೆ 2. ಪದಾರ್ಥದ ತಪ್ಪಲ್ಲ, ದಾರಿಯ ತಪ್ಪು. ದೊಡ್ಡ ಊರಿನಿಂದ ಹೊರಟದ್ದು ಏಪ್ರಿಲ್-ಮೇ ಬಿಸಿಲಲ್ಲಿ ಹುಬ್ಬಳ್ಳಿ ತಲುಪಿ, ಅಲ್ಲಿಂದ ಗದಗ, ಹಾವೇರಿಗೆ ಹೋಗುವಷ್ಟರಲ್ಲಿ ಕರಗಿರುವ ಸಂಭವ ಹೆಚ್ಚು. ಪ್ಯಾಕೆಟ್ಟಿನ ಒಂದು ಮೂಲೆಯಲ್ಲಿ ಕೆಂಪು ನೀರು ಹಲಗೆಯಂತೆ ಹೆಪ್ಪುಗಟ್ಟಿದ್ದರೆ ಅದು ನಡುವೆ ಕರಗಿ ಮತ್ತೆ ಗಟ್ಟಿಯಾದದ್ದು, ತಿರುಗಿಸಿ ಕಳಿಸಿ. ಪೂರಕ ಆಹಾರ ಎಂದು ಬರೆದದ್ದನ್ನು ದಿನದ ಊಟವಾಗಿ ಕೊಡಬೇಡಿ.

ಮನೆಯ ಫ್ರೀಜರ್‌ನಲ್ಲಿ ಒಂದೊಂದು ಹೊತ್ತಿನ 40 ಗ್ರಾಂ ಪೊಟ್ಟಣ ಕಟ್ಟಿಡಿ. ಫ್ರಿಜ್ಜಿನ ಕೆಳಗಿನ ಕಪಾಟಿನಲ್ಲಿ ರಾತ್ರಿ ಕರಗಿಸಿ ಮರುದಿನವೇ ಮುಗಿಸಿ. ಕರೆಂಟ್ ಹೋಗಿ ಮೆತ್ತಗಾದದ್ದನ್ನು ಮತ್ತೆ ಗಟ್ಟಿ ಮಾಡಬೇಡಿ, ಬೇಯಿಸಿಬಿಡಿ. ಗಾಂಧಿ ಜಯಂತಿ, ಮಹಾವೀರ ಜಯಂತಿಯಂದು ಅಂಗಡಿ ಮುಚ್ಚಿರುತ್ತವೆ, ನಾಲ್ಕು ದಿನದ ಪೊಟ್ಟಣ ಯಾವಾಗಲೂ ಇರಲಿ. ಫ್ರೀಜರ್‌ನಲ್ಲಿ ಇಟ್ಟರೆ ಎಲ್ಲ ಸೂಕ್ಷ್ಮಜೀವಿ ಸಾಯುತ್ತವೆ ಎಂಬ ನಂಬಿಕೆ ತಪ್ಪು. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಕೋಶಗಳು ಕೆಲವು ದಿನದಲ್ಲಿ ಸಾಯುತ್ತವೆ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಹಕ್ಕಿಜ್ವರದ ವೈರಾಣುವೂ ಸಾಯುವುದಿಲ್ಲ. ಮಧ್ಯಪ್ರದೇಶದ ಛಿಂದವಾಡಾದಲ್ಲಿ 2025ರ ಜನವರಿಯಲ್ಲಿ ಸಾಕು ಬೆಕ್ಕುಗಳಲ್ಲಿ ಎಚ್5ಎನ್1 ಹಕ್ಕಿಜ್ವರ ದೃಢಪಟ್ಟಿತು. ಅಕ್ಕಪಕ್ಕದ ಜಿಲ್ಲೆಯಲ್ಲಿ ಹಕ್ಕಿಜ್ವರದ ಸುದ್ದಿ ಬಂದ ದಿನವೇ ಹಸಿ ಕೋಳಿ ನಿಲ್ಲಿಸಿ. ಬೋನ್‌ಲೆಸ್ ಬೇಯಿಸಿ, ಬೆಂದ ನೀರಿನ ಸಮೇತ, ಆರಿದ ಮೇಲೆ ಸಿಪ್ಪೆ ಪುಡಿ, ಟಾರಿನ್ ಹಾಕಿ ಕೊಟ್ಟರೆ ಬೆಕ್ಕಿಗೆ ಏನೂ ನಷ್ಟವಿಲ್ಲ.

ಬದಲಿಸುವ ಕ್ರಮ

ಬೆಕ್ಕನ್ನು ಹಸಿವಿನಿಂದ ಬಗ್ಗಿಸಲು ಆಗದು, ಬಗ್ಗಿಸಲೂ ಬಾರದು. ಎರಡು-ಮೂರು ದಿನ ತಿನ್ನದ ಬೆಕ್ಕಿನಲ್ಲಿ, ಅದರಲ್ಲೂ ದಪ್ಪ ಬೆಕ್ಕಿನಲ್ಲಿ, ಮೈಯ ಕೊಬ್ಬು ಲಿವರ್‌ಗೆ ನುಗ್ಗಿ ಕಾಮಾಲೆಯಾಗಿ ಜೀವಕ್ಕೇ ಕುತ್ತು ಬರುತ್ತದೆ. ಇಪ್ಪತ್ನಾಲ್ಕು ತಾಸು ಏನೂ ಮುಟ್ಟದಿದ್ದರೆ ಹಳೆಯ ಆಹಾರ ಕೊಡಿ. ಅದನ್ನೂ ತಿನ್ನದಿದ್ದರೆ ವೈದ್ಯರ ಬಳಿ ಹೊರಡಿ.

ಮೊದಲ ವಾರ ಮಾಂಸದ ಮಾತೇ ಬೇಡ. ದಿನವಿಡೀ ತುಂಬಿರುವ ಡ್ರೈ ಫುಡ್ ಬಟ್ಟಲು ಎತ್ತಿಬಿಡಿ, ದಿನಕ್ಕೆ ಮೂರು ಹೊತ್ತು, ಪ್ರತಿ ಹೊತ್ತು ಅರ್ಧ ತಾಸು ಮಾತ್ರ ಇಡಿ. ಹಸಿವಿಗೆ ಹೊತ್ತು ಕಲಿಸುವುದೇ ಅರ್ಧ ಕೆಲಸ. ಎರಡನೇ ವಾರ ಅದೇ ಹೊತ್ತಿಗೆ ವೆಟ್ ಫುಡ್ ಅಥವಾ ಉಪ್ಪಿಲ್ಲದ ಬೇಯಿಸಿದ ಕೋಳಿ ಒಂದು ಚಮಚ ಪಕ್ಕದಲ್ಲಿಡಿ, ಮೇಲೆ ಡ್ರೈ ಫುಡ್ಡನ್ನೇ ಪುಡಿ ಮಾಡಿ ಉದುರಿಸಿ. ಮೂರನೇ ವಾರ ಕೋಳಿಯನ್ನು ದಿನದಿಂದ ದಿನಕ್ಕೆ ಕಡಿಮೆ ಬೇಯಿಸುತ್ತ ಬನ್ನಿ. ಕೊನೆಗೆ ಬಿಸಿ ತವೆಯ ಮೇಲೆ ಹೊರಮೈ ಬೆಳ್ಳಗಾಗುವಷ್ಟು ಮಾತ್ರ. ಈ ಹಂತದಲ್ಲಿ ಎಲುಬು ಇರಕೂಡದು. ನಾಲ್ಕನೇ ವಾರದಲ್ಲಿ 5 ಗ್ರಾಂ ಹಸಿ ಮಿಶ್ರಣದಿಂದ ಶುರು ಮಾಡಿ, ಪೂರ್ತಿ ಊಟ ಆಗುವವರೆಗೆ ಎರಡು ದಿನಕ್ಕೊಮ್ಮೆ 5ರಿಂದ 10 ಗ್ರಾಂ ಏರಿಸಿ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಮಾಂಸ ಬೆಕ್ಕಿಗೆ ಸತ್ತ ವಾಸನೆ. ಪೊಟ್ಟಣವನ್ನು ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಇಡಿ. ಬರೀ ಡ್ರೈ ಫುಡ್ ತಿಂದು ಬೆಳೆದ ದೊಡ್ಡ ಬೆಕ್ಕು ಇದಕ್ಕೆ ಮೂರು ತಿಂಗಳು ತೆಗೆದುಕೊಂಡರೂ ಅದು ಹಟವಲ್ಲ. ಮರಿಯಿದ್ದಾಗ ಯಾವ ಹದ ಬಾಯಿಗೆ ಬಿದ್ದಿತ್ತೋ ಅದನ್ನೇ ಅದು ಆಹಾರ ಎಂದು ಗುರುತಿಸುತ್ತದೆ.

ವಾರಕ್ಕೊಮ್ಮೆ ತೂಗಿ. ನಾಲ್ಕು ಕಿಲೊದ ಬೆಕ್ಕು 200 ಗ್ರಾಂ ಇಳಿದರೆ ಅಲ್ಲಿಗೇ ನಿಲ್ಲಿಸಿ, ಹಿಂದಿನ ಹಂತಕ್ಕೆ ಬನ್ನಿ. ಮಲ ಚಿಕ್ಕದಾಗುವುದು, ವಾಸನೆ ತಗ್ಗುವುದು, ಎರಡು ದಿನಕ್ಕೊಮ್ಮೆ ಆಗುವುದು ಸಹಜ. ಬೆಳ್ಳಗೆ ಸುಣ್ಣದಂತೆ ಪುಡಿಯಾದರೆ ಎಲುಬು ಹೆಚ್ಚಾಗಿದೆ. ಕಪ್ಪಗೆ ಅಂಟಂಟಾದರೆ ಕಲೇಜಿ ಹೆಚ್ಚಾಗಿರಬಹುದು, ರಕ್ತವೂ ಇರಬಹುದು. ಕಲೇಜಿ ಇಳಿಸಿಯೂ ಎರಡನೇ ದಿನ ಹಾಗೇ ಇದ್ದರೆ ತೋರಿಸಿ. ನೀರು ಕುಡಿಯುವುದು ಬಹಳ ಕಡಿಮೆಯಾಗುತ್ತದೆ, ಗಾಬರಿ ಬೇಡ: ಮಾಂಸದಲ್ಲೇ ಶೇಕಡಾ 70ರಷ್ಟು ನೀರಿದೆ. ತಟ್ಟೆ ಇಪ್ಪತ್ತು ನಿಮಿಷಕ್ಕೆ ಎತ್ತಿ. ಇರುವೆ ಕಾಟಕ್ಕೆ ನೀರು ತುಂಬಿದ ಅಗಲ ತಾಟಿನ ನಡುವೆ ಊಟದ ಬಟ್ಟಲಿಡಿ. ಹಸಿ ತಿನ್ನುವ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ ಜಂತಿನ ಔಷಧಿ ತಪ್ಪಿಸಬೇಡಿ.

ಎರಡನೇ ಬೆಕ್ಕು

ಮಿಶ್ರಣವನ್ನು ತಕರಾರಿಲ್ಲದೆ ನಾಲ್ಕು ವಾರ ತಿಂದ ಮೇಲೆ ಈ ಯೋಚನೆ. ಬೀದಿಯಿಂದ ಬಂದ ಮರಿಯಾಗಲಿ, ದುಡ್ಡು ಕೊಟ್ಟು ತಂದ ಪರ್ಷಿಯನ್ ಆಗಲಿ, ಮೊದಲ 14 ದಿನ ಬಾಗಿಲು ಮುಚ್ಚಿದ ಬೇರೆ ಕೋಣೆ, ಬೇರೆ ಲಿಟರ್ ಟ್ರೇ, ಬೇರೆ ಬಟ್ಟಲು. ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಾಣು), ಫೆಲೈನ್ ಲ್ಯುಕೇಮಿಯಾ (ಬೆಕ್ಕಿನ ಇನ್ನೊಂದು ವೈರಾಣು ರೋಗ) ರಕ್ತಪರೀಕ್ಷೆ ಆಗಲಿ. ಹಳೆಯ ಬೆಕ್ಕಿನ ಟ್ರೈಕ್ಯಾಟ್ (ಬೆಕ್ಕಿನ ಮೂರು ರೋಗಗಳ ಲಸಿಕೆ) ಮತ್ತು ರೇಬಿಸ್ ಲಸಿಕೆ ಚಾಲ್ತಿಯಲ್ಲಿವೆಯೇ ನೋಡಿ. ಬೆಕ್ಕುಗಳಿಗೆ ತೀವ್ರ ವಾಂತಿ-ಭೇದಿ ತರುವ ಪ್ಯಾನ್‌ಲ್ಯುಕೊಪೇನಿಯಾ ವೈರಾಣು ಮನೆಯೊಳಗೆ ವರ್ಷದವರೆಗೂ ಉಳಿಯಬಲ್ಲದು. ನೆಲ ಒರೆಸಲು ಒಂದು ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಫಿನೈಲ್ ಮುಟ್ಟಬೇಡಿ. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಲಿವರ್ ಅರಗಿಸಲಾರದು, ಪಂಜ ನೆಕ್ಕಿಕೊಂಡರೂ ಸಾಕು ವಿಷವೇರಲು.

ಈ 14 ದಿನ ಹೊಸ ಬೆಕ್ಕು ತಾನಿದ್ದ ಕಡೆ ತಿನ್ನುತ್ತಿದ್ದುದನ್ನೇ ತಿನ್ನಲಿ. ಮನೆ ಬದಲಾದ ವಾರವೇ ಊಟವನ್ನೂ ಬದಲಿಸಬೇಡಿ. ಹಳೆಯದಕ್ಕೆ ಹಸಿ ಮಾಂಸ, ಹೊಸದಕ್ಕೆ ಡ್ರೈ ಫುಡ್, ನಡುವೆ ಮುಚ್ಚಿದ ಬಾಗಿಲು. ಹೊಸದರ ಉಳಿದ ಡ್ರೈ ಫುಡ್ ಬಟ್ಟಲು ಒಮ್ಮೆ ಹಳೆಯದಕ್ಕೆ ಸಿಕ್ಕರೆ ತಿಂಗಳುಗಟ್ಟಲೆ ಮಾಡಿದ ಕೆಲಸ ಹಿಂದೆ ಹೋಗುತ್ತದೆ.

ಹಸಿ ಮಾಂಸದಿಂದ ಇಲ್ಲಿ ಒಂದು ದೊಡ್ಡ ಲಾಭವಿದೆ. ಅದರ ವಾಸನೆಗೆ ಬೆಕ್ಕು ಭಯ ಮರೆಯುತ್ತದೆ. ಎರಡನೇ ವಾರದಲ್ಲಿ ಒಂದರ ಹಾಸಿಗೆ ಬಟ್ಟೆ ಇನ್ನೊಂದರ ಕೋಣೆಗೆ ಹಾಕಿ. ಬಳಿಕ ಮುಚ್ಚಿದ ಬಾಗಿಲಿನ ಎರಡೂ ಬದಿಗೆ, ಬಾಗಿಲಿಂದ ಎರಡು ಮೀಟರ್ ದೂರದಲ್ಲಿ ತಟ್ಟೆಗಳನ್ನಿಟ್ಟು, ಗುರುಗುಟ್ಟದೆ ಉಂಡರೆ ದಿನಕ್ಕೆ ಒಂದು ಗೇಣು ಹತ್ತಿರ ತನ್ನಿ. ಗುರ್ ಎಂದರೆ ಹಿಂದಿನ ದಿನದ ಜಾಗಕ್ಕೆ ಮರಳಿ. ಮುಂದಿನ ಹಂತ ಕಣ್ಣಿಗೆ ಕಾಣುವಂತೆ ಊಟ. ಇದಕ್ಕೆ ನಮ್ಮ ಮನೆಗಳ ಸೊಳ್ಳೆ ಜಾಳಿಗೆ ಬಾಗಿಲಿನಷ್ಟು ಒಳ್ಳೆಯ ಸಾಧನ ಪೆಟ್ ಶಾಪ್‌ನಲ್ಲಿಲ್ಲ. ಸ್ಟೀಲ್ ಜಾಳಿಗೆಯಾದರೆ 5ಕ್ಕೆ 5, ನೈಲಾನ್ ಆದರೆ 1, ಒಂದೇ ಪರಚಿಗೆ ಹರಿಯುತ್ತದೆ. ಜಾಳಿಗೆ ಬಾಗಿಲು ಇಲ್ಲದವರಿಗೆ ಮಡಚುವ ತಂತಿ ಕ್ರೇಟ್, 5ಕ್ಕೆ 3. ಚಿಕ್ಕ ಮರಿಗೆ ನಡೆಯುತ್ತದೆ. ದೊಡ್ಡ ಬೆಕ್ಕನ್ನು ಅದರೊಳಗೆ ಕೂರಿಸಿ ಇನ್ನೊಂದನ್ನು ಸುತ್ತ ಬಿಟ್ಟರೆ ಒಳಗಿನದಕ್ಕೆ ಓಡಲು ದಾರಿಯಿರದೆ ದ್ವೇಷ ಬೇರೂರುತ್ತದೆ. ಕ್ರೇಟ್ ಮೇಲೆ ಚಾದರ ಹೊದಿಸಿ ಒಂದು ಬದಿ ಮಾತ್ರ ತೆರೆದಿಡಿ.

ಒಟ್ಟಿಗೆ ಬಿಡುವ ಮೊದಲ ಭೇಟಿ ಊಟವಾದ ಮೇಲೆ, ಹತ್ತು ನಿಮಿಷ. ಬುಸ್ಸೆನ್ನುವುದು ಮಾತುಕತೆ, ಅದಕ್ಕೆ ಬೈಯಬೇಡಿ. ಕಿವಿ ಚಪ್ಪಟೆ ಮಾಡಿ ಕಣ್ಣು ಕದಲಿಸದೆ ದಿಟ್ಟಿಸುವುದು ಜಗಳದ ಮುನ್ಸೂಚನೆ. ನಡುವೆ ರಟ್ಟು ಹಿಡಿದು ನೋಟ ಮುರಿಯಿರಿ, ಕೈ ಹಾಕಬೇಡಿ. ಎರಡು ಬೆಕ್ಕಿಗೆ ಟ್ರೇ ಮೂರು ಇರಲಿ, ಒಂದೇ ಸಾಲಿನಲ್ಲಿ ಬೇಡ. ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗದಿದ್ದರೆ ಈ ಕ್ರಮವೆಲ್ಲ ಅರ್ಧಕ್ಕೆ ಕೆಡುತ್ತದೆ. ಹೊಸದನ್ನು ಹಸಿ ಮಾಂಸಕ್ಕೆ ತರುವ ವಾರಗಳ ಲೆಕ್ಕ ಎರಡೂ ಒಂದೇ ಕೋಣೆಯಲ್ಲಿ ನಿದ್ದೆ ಮಾಡುವಂತಾದ ಮೇಲೆ ಶುರುವಾಗಲಿ. ಮರಿಯಾದರೆ ತೂಕದ ಶೇಕಡಾ 6ರಿಂದ 10, ನಾಲ್ಕು ಹೊತ್ತಿಗೆ ಹಂಚಿ, ನುಣ್ಣಗೆ ತಿರುವಿ ಕೊಡಬೇಕು. ಖೀಮಾ ಮಶಿನ್ ಕೊಳ್ಳಲು ಸರಿಯಾದ ಹೊತ್ತು ಅದು. ಊಟ ಮಾತ್ರ ಒಂದೇ ತಟ್ಟೆಯಲ್ಲಿ ಎಂದೂ ಬೇಡ. ಮಾಂಸದ ಮುಂದೆ ಎಂಥ ಸಾಧು ಬೆಕ್ಕೂ ಗುರುಗುಟ್ಟುತ್ತದೆ, ಅವಸರಕ್ಕೆ ನುಂಗಿ ಕಾರಿಕೊಳ್ಳುತ್ತದೆ. ತಟ್ಟೆಗಳ ನಡುವೆ ಎರಡು ಮೀಟರ್ ಅಂತರವಿಡಿ. ಒಂದು ಮುಗಿಸಿ ಇನ್ನೊಂದರ ತಟ್ಟೆಗೆ ಬರುವ ಸ್ವಭಾವವಿದ್ದರೆ ಊಟದ ಇಪ್ಪತ್ತು ನಿಮಿಷ ಬಾಗಿಲು ಹಾಕಿಬಿಡಿ. ಎಷ್ಟೋ ಮನೆಗಳಲ್ಲಿ ಇದು ಕೊನೆಯವರೆಗೂ ಹೀಗೇ ನಡೆಯುತ್ತದೆ, ಉಳಿದ ಹೊತ್ತು ಅವೆರಡೂ ಒಂದರ ಮೇಲೊಂದು ಕಾಲು ಹಾಕಿ ಮಲಗಿರುತ್ತವೆ.